ಸಣ್ಣ ವಿಮಾನಕ್ಕೆ ಫ್ಲೈಟ್ ಪ್ಲಾನಿಂಗ್ ಆಪ್: ಹಾರಿ ಮುಗಿಸಿದ ದಾರಿಯಲ್ಲೇ ಪರೀಕ್ಷೆ ಮಾಡಿ

ಹಾರಾಟದ ದಾರಿ, ಸಮಯ, ಇಂಧನದ ಲೆಕ್ಕ ಹಾಕಿಕೊಡುವ ಆಪ್ ಆರಿಸುವಾಗ ನಾಲ್ಕೈದು ಆಪ್‌ಗಳ ಫೀಚರ್ ಪಟ್ಟಿಯನ್ನು ಅಕ್ಕಪಕ್ಕ ಇಟ್ಟುಕೊಂಡು ಟಿಕ್ ಹಾಕುತ್ತಾ ಹೋಗುವುದು ಎಲ್ಲರೂ ಮಾಡುವ ಕೆಲಸ. ನಾನೂ ಅದನ್ನೇ ಮಾಡಿದ್ದೆ. ಜಾಸ್ತಿ ಟಿಕ್ ಬಿದ್ದ ಆಪ್ ತಗೊಂಡೆ. ಒಂದು ವರ್ಷ ಕಳೆದರೂ ಅದರ ಮುಕ್ಕಾಲು ಭಾಗವನ್ನು ಮುಟ್ಟಿಯೇ ಇರಲಿಲ್ಲ. ನಿಜವಾಗಿ ಬೇಕಾಗಿದ್ದು ಒಂದೇ ಒಂದು ಕೆಲಸ: ಹಾರುತ್ತಿರುವಾಗ ಬೇರೆ ರನ್‌ವೇ ಕಡೆ ತಿರುಗುವುದು. ಅದಕ್ಕೆ ಆ ಆಪ್‌ನಲ್ಲಿ ಎಂಟು ಸಲ ಒತ್ತಬೇಕಿತ್ತು.

ಆಮೇಲೆ ಕಲಿತ ದಾರಿ ಸುಲಭದ್ದು. ನೀವು ಈಗಾಗಲೇ ಹಾರಿರುವ ಒಂದು ಪ್ರಯಾಣ ಆರಿಸಿಕೊಳ್ಳಿ. ಲಾಗ್‌ಬುಕ್‌ನಲ್ಲಿ ಅದರ ಸಮಯ ಇರಬೇಕು, ಎಷ್ಟು ಇಂಧನ ಹೋಯಿತು ಅನ್ನುವುದು ಗೊತ್ತಿರಬೇಕು, ಆ ದಿನದ ಗಾಳಿ ಎಲ್ಲಾದರೂ ಬರೆದಿಟ್ಟಿರಬೇಕು. ಅದೇ ಪ್ರಯಾಣವನ್ನು ಪ್ರತಿ ಆಪ್‌ನಲ್ಲೂ ಮತ್ತೆ ಪ್ಲಾನ್ ಮಾಡಿ. ಉತ್ತರ ನಿಮ್ಮ ಕೈಯಲ್ಲೇ ಇದೆ. ಆಪ್ ಅದಕ್ಕೆ ಎಷ್ಟು ಹತ್ತಿರ ಬರುತ್ತದೆ, ಅಲ್ಲಿಗೆ ಬರುವಷ್ಟರಲ್ಲಿ ನಿಮ್ಮನ್ನು ಎಷ್ಟು ಗೋಳು ಹೊಯ್ದುಕೊಳ್ಳುತ್ತದೆ ಅನ್ನುವುದನ್ನಷ್ಟೇ ನೋಡಬೇಕು. ಕೆಳಗಿನ ಹಂತಗಳೆಲ್ಲ ಈ ಪರೀಕ್ಷೆಯ ಸುತ್ತಲೇ ಇವೆ.

1. ಮೊದಲು ಲಾಗ್‌ಬುಕ್, ಆಮೇಲೆ ಆಪ್ ಸ್ಟೋರ್

ಕಳೆದ ಒಂದು ವರ್ಷದ ಹಾರಾಟಗಳನ್ನು ಎಣಿಸಿ. ಏರಿದ ಕಡೆಯೇ ಇಳಿದದ್ದು ಎಷ್ಟು? ನೂರು, ಇನ್ನೂರು ನಾಟಿಕಲ್ ಮೈಲಿ ದೂರಕ್ಕೆ ಹೋದದ್ದು ಎಷ್ಟು? ರಾತ್ರಿ ಹಾರಿದ್ದೀರಾ? ಗಡಿ ದಾಟಿದ್ದೀರಾ? ಮೋಡದೊಳಗೆ, ಐಎಫ್‌ಆರ್‌ನಲ್ಲಿ (ಉಪಕರಣ ನೋಡಿಕೊಂಡೇ ಹಾರುವ ನಿಯಮದಲ್ಲಿ) ಹೋಗಿದ್ದೀರಾ? ಒಂದೇ ವಿಮಾನವೋ, ಕ್ಲಬ್‌ನಲ್ಲಿ ಸಿಕ್ಕಿದ ವಿಮಾನವೋ?

ಉತ್ತರವನ್ನು ಒಂದು ಸಾಲಿನಲ್ಲಿ ಬರೆಯಿರಿ. ನನ್ನದು ಹೀಗಿತ್ತು: "ಹಗಲು, ವಿಎಫ್‌ಆರ್, ಇಬ್ಬರು, ಎರಡೂವರೆ ಗಂಟೆಯೊಳಗೆ, ಮೂರು ಬೇರೆ ಬೇರೆ ವಿಮಾನ." ವಿಎಫ್‌ಆರ್ ಅಂದರೆ ಹೊರಗೆ ಕಣ್ಣಿಗೆ ಕಾಣುವುದನ್ನು ನೋಡಿಕೊಂಡು ಹಾರುವುದು. ಈ ಸಾಲಿನಲ್ಲಿ ಇಲ್ಲದ ಯಾವ ಸೌಲಭ್ಯಕ್ಕೂ ಈಗ ದುಡ್ಡು ಕೊಡಬೇಕಾಗಿಲ್ಲ. ಮುಂದೆ ಐಎಫ್‌ಆರ್ ಕಲಿತರೆ ಆಗ ಮೇಲಿನ ಪ್ಲಾನ್‌ಗೆ ಹೋದರಾಯಿತು. ಬಹಳಷ್ಟು ಆಪ್‌ಗಳಲ್ಲಿ ವರ್ಷದ ಮಧ್ಯದಲ್ಲೂ ಮೇಲಕ್ಕೆ ಹೋಗಬಹುದು. ಕೆಳಕ್ಕೆ ಇಳಿಯುವುದೇ ಕಷ್ಟ.

2. ನೀವು ಹಾರುವ ಆಕಾಶದ ಡೇಟಾ ಅದರಲ್ಲಿದೆಯಾ?

ಹೆಚ್ಚಿನವರ ಪಟ್ಟಿ ಇಲ್ಲೇ ಅರ್ಧಕ್ಕೆ ಇಳಿಯುತ್ತದೆ. ಪ್ರತಿ ಆಪ್‌ಗೂ ಒಂದು ತವರು ಇರುತ್ತದೆ. ಸ್ಕೈಡೀಮನ್ ಬ್ರಿಟನ್‌ನಲ್ಲಿ ಹುಟ್ಟಿದ್ದು, ಯುರೋಪಿನ ವಿಎಫ್‌ಆರ್ ಪೈಲಟ್‌ಗಳ ನಡುವೆ ಅದರ ಹೆಸರು ದೊಡ್ಡದು. ಓಝ್‌ರನ್‌ವೇಸ್, ಅವ್‌ಪ್ಲಾನ್ ಎರಡೂ ಆಸ್ಟ್ರೇಲಿಯಾದವು. ಫೋರ್‌ಫ್ಲೈಟ್ ಮತ್ತು ಗಾರ್ಮಿನ್ ಪೈಲಟ್ ಬೇರೆ ಕಡೆಗಳಿಗೂ ಹರಡಿವೆ, ಆದರೆ ಬೇರು ಇರುವುದು ಅಮೆರಿಕದಲ್ಲಿ. ಅಮೆರಿಕದಲ್ಲಿ ವಾಯುಯಾನ ಇಲಾಖೆ ತನ್ನ ಚಾರ್ಟ್‌ಗಳ ಡಿಜಿಟಲ್ ರೂಪವನ್ನು ಉಚಿತವಾಗಿ ಬಿಡುತ್ತದೆ. ಅವೇರ್, ಎಫ್‌ಎಲ್‌ಟಿಪ್ಲಾನ್ ಗೋ ಥರದ ಉಚಿತ ಆಪ್‌ಗಳು ಅಲ್ಲಿ ಬೆಳೆದದ್ದಕ್ಕೆ ಅದೂ ಒಂದು ಕಾರಣ. ಚಾರ್ಟ್‌ಗೆ ಲೈಸೆನ್ಸ್ ದುಡ್ಡು ಕೇಳುವ ದೇಶಗಳಲ್ಲಿ ಆ ಖರ್ಚು ಹೇಗಾದರೂ ನಿಮ್ಮ ಸಬ್‌ಸ್ಕ್ರಿಪ್ಷನ್‌ಗೆ ಬಂದು ಸೇರುತ್ತದೆ.

"ಪ್ರಪಂಚದಾದ್ಯಂತ ಕೆಲಸ ಮಾಡುತ್ತದೆ" ಅನ್ನುವ ಮಾತನ್ನು ಸ್ವಲ್ಪ ಅನುಮಾನದಿಂದಲೇ ನೋಡಿ. ನಕ್ಷೆ ಎಲ್ಲ ಕಡೆ ಬರುತ್ತದೆ, ನಿಜ. ನದಿ, ರಸ್ತೆ, ಬೆಟ್ಟ ಎಲ್ಲ ಚೆನ್ನಾಗಿ ಕಾಣುತ್ತವೆ. ಅದರ ಮೇಲಿರಬೇಕಾದ ನಿಷೇಧಿತ ವಲಯ, ಕಂಟ್ರೋಲ್ ಝೋನ್‌ನ (ವಿಮಾನ ನಿಲ್ದಾಣದ ಸುತ್ತಲಿನ ನಿಯಂತ್ರಿತ ವಲಯದ) ಅಂಚು, ರೇಡಿಯೊ ಫ್ರೀಕ್ವೆನ್ಸಿ ಅಲ್ಲಿ ಇರಬೇಕೆಂದೇನೂ ಇಲ್ಲ. ಸ್ಕ್ರೀನ್ ಖಾಲಿ ಇದೆ ಅಂದರೆ ಆಕಾಶ ಖಾಲಿ ಇದೆ ಅಂತ ಅಲ್ಲ.

ಪರೀಕ್ಷೆ ಮಾಡುವುದು ಹೀಗೆ. ನೀವು ಹಾರುವ ಭಾಗದ ಸರ್ಕಾರಿ ಚಾರ್ಟ್‌ನ ಹೊಸ ಪ್ರತಿ ಪಕ್ಕಕ್ಕೆ ಇಟ್ಟುಕೊಳ್ಳಿ. ಹತ್ತು ವಸ್ತು ಆರಿಸಿ: ಎರಡು ನಿಷೇಧಿತ ವಲಯ, ಅವುಗಳ ತಳ ಮತ್ತು ಮೇಲಿನ ಎತ್ತರ, ಎರಡು ಟವರ್ ಫ್ರೀಕ್ವೆನ್ಸಿ, ಒಂದು ಚಿಕ್ಕ ರನ್‌ವೇಯ ಉದ್ದ, ಒಂದು ಎತ್ತರದ ಗೋಪುರ, ಹೀಗೆ. ಹತ್ತೂ ಆಪ್‌ನಲ್ಲಿ ಸರಿಯಾಗಿ ಇವೆಯೇ? ಅರ್ಧ ಗಂಟೆಯ ಕೆಲಸ. ಎರಡು ತಪ್ಪಾಗಿದ್ದರೂ ಆ ಆಪ್ ಪಟ್ಟಿಯಿಂದ ಹೊರಗೆ. ಸ್ಕ್ರೀನ್ ಎಷ್ಟೇ ಅಂದವಾಗಿರಲಿ.

ಇನ್ನೊಂದು ವಿಷಯ ಡೇಟಾದ ವಯಸ್ಸು. ವಾಯುಯಾನದ ಮಾಹಿತಿ ಪ್ರಪಂಚದಲ್ಲೆಲ್ಲ 28 ದಿನಗಳ ಒಂದು ಚಕ್ರದಲ್ಲಿ ಬದಲಾಗುತ್ತದೆ. ಏರಾಕ್ ಅನ್ನುತ್ತಾರೆ. ಅಮೆರಿಕದ ವಿಎಫ್‌ಆರ್ ಚಾರ್ಟ್‌ಗಳು 2021ರಿಂದ 56 ದಿನಕ್ಕೊಮ್ಮೆ ಬರುತ್ತಿವೆ, ಅದು ಇದೇ ಚಕ್ರದ ಎರಡರಷ್ಟು. ಒಳ್ಳೆಯ ಆಪ್ ಹಳೆಯ ಡೇಟಾ ಇದ್ದರೆ ಕೆಂಪಗೆ ತೋರಿಸುತ್ತದೆ, ಮುಂದಿನ ಚಕ್ರದ್ದನ್ನು ಮೊದಲೇ ಇಳಿಸಿಕೊಳ್ಳಲು ಬಿಡುತ್ತದೆ. ಯಾವ ಚಕ್ರದ ಡೇಟಾ ಅನ್ನುವುದನ್ನು ಎಲ್ಲೋ ಮೂರನೇ ಮೆನುವಿನೊಳಗೆ ಬಚ್ಚಿಡುವ ಆಪ್ ನನಗೆ ಬೇಡ.

ಇಲ್ಲೊಂದು ಹಳೆಯ ಕಥೆ ನೆನಪಾಗುತ್ತದೆ. 1930ರ ದಶಕದಲ್ಲಿ ಎಲ್ರಿ ಜೆಪ್ಪೆಸನ್ ಅನ್ನುವ ಅಂಚೆ ವಿಮಾನದ ಪೈಲಟ್ ತಾನು ಇಳಿಯುವ ಮೈದಾನಗಳ ಉದ್ದ, ಇಳಿಜಾರು, ಅಕ್ಕಪಕ್ಕದ ಅಡೆತಡೆಗಳ ಎತ್ತರವನ್ನೆಲ್ಲ ಒಂದು ನೋಟ್‌ಬುಕ್‌ನಲ್ಲಿ ಬರೆದಿಡುತ್ತಿದ್ದ. ಬೇರೆ ಪೈಲಟ್‌ಗಳು ಪ್ರತಿ ಕೇಳತೊಡಗಿದರು. ಇವತ್ತು ಜೆಪ್ಪೆಸನ್ ಹೆಸರಿನ ಚಾರ್ಟ್‌ಗಳನ್ನು ದೊಡ್ಡ ವಿಮಾನಗಳೂ ಬಳಸುತ್ತವೆ. ಆ ನೋಟ್‌ಬುಕ್ ನಂಬಿಕೆ ಗಳಿಸಿದ್ದು ಬರೆದವನು ಸ್ವತಃ ಹೋಗಿ ನೋಡಿದ್ದಕ್ಕೆ. ಆಪ್‌ನ ವಿಷಯದಲ್ಲೂ ಅದೇ ಪ್ರಶ್ನೆ ಕೇಳಿ: ಈ ಸಂಖ್ಯೆ ಎಲ್ಲಿಂದ ಬಂತು? ಸರ್ಕಾರದ ಪ್ರಕಟಣೆಯಿಂದಲೋ, ಬಳಕೆದಾರರು ತುಂಬಿದ್ದೋ?

3. ಯಾವ ಟ್ಯಾಬ್ಲೆಟ್?

ಆಪ್‌ಗಿಂತ ಮೊದಲು ಟ್ಯಾಬ್ಲೆಟ್ ಕೊಂಡರೆ ಆಯ್ಕೆ ಅಲ್ಲಿಗೇ ಮುಗಿಯಬಹುದು. ಫೋರ್‌ಫ್ಲೈಟ್ ವಿಮಾನದೊಳಗೆ ಐಪ್ಯಾಡ್ ಅಥವಾ ಐಫೋನ್‌ನಲ್ಲಿ ಮಾತ್ರ ನಡೆಯುತ್ತದೆ. ಗಾರ್ಮಿನ್ ಪೈಲಟ್, ಸ್ಕೈಡೀಮನ್, ಓಝ್‌ರನ್‌ವೇಸ್ ಆಂಡ್ರಾಯ್ಡ್‌ನಲ್ಲೂ ಸಿಗುತ್ತವೆ.

ಐಪ್ಯಾಡ್ ತಗೊಳ್ಳುವವರು ಒಂದು ವಿಷಯ ನೆನಪಿಡಿ. ವೈಫೈ ಮಾತ್ರ ಇರುವ ಮಾದರಿಯಲ್ಲಿ ಜಿಪಿಎಸ್ ಇಲ್ಲ, ಸಿಮ್ ಸೌಲಭ್ಯದ ಮಾದರಿಯಲ್ಲಿ ಇದೆ. ಸಿಮ್ ಹಾಕಬೇಕಾಗಿಲ್ಲ, ಜಿಪಿಎಸ್ ಸುಮ್ನೆ ಕೆಲಸ ಮಾಡುತ್ತದೆ. ವೈಫೈ ಮಾದರಿ ಈಗಾಗಲೇ ಮನೆಯಲ್ಲಿದ್ದರೆ ಬ್ಲೂಟೂತ್‌ನಲ್ಲಿ ಜೋಡಿಸುವ ಹೊರಗಿನ ಜಿಪಿಎಸ್ ರಿಸೀವರ್ ತಗೊಳ್ಳಬಹುದು. ವಿಮಾನಗಳು ತಾವಿರುವ ಜಾಗವನ್ನು ರೇಡಿಯೊದಲ್ಲಿ ಸಾರುವ ಎಡಿಎಸ್-ಬಿ ಸಂಕೇತ ಹಿಡಿಯುವ ರಿಸೀವರ್‌ಗಳಲ್ಲೂ ಸಾಮಾನ್ಯವಾಗಿ ಜಿಪಿಎಸ್ ಸೇರಿರುತ್ತದೆ. ಅದು ಅಕ್ಕಪಕ್ಕದ ವಿಮಾನಗಳನ್ನೂ ತೋರಿಸುತ್ತದೆ. ಆದರೆ ಎಡಿಎಸ್-ಬಿ ಹಾಕಿಸದ ವಿಮಾನ ಅದರಲ್ಲಿ ಕಾಣದೇ ಹೋಗಬಹುದು, ಹಾಗಾಗಿ ಕಣ್ಣು ಹೊರಗಡೆಯೇ ಇರಲಿ.

ಗಾತ್ರದ ವಿಷಯದಲ್ಲಿ ನನ್ನ ಅಭಿಪ್ರಾಯ ಖಂಡಿತವಾಗಿದೆ: ಸಣ್ಣ ವಿಮಾನಕ್ಕೆ ಸಣ್ಣ ಟ್ಯಾಬ್ಲೆಟ್. ಎಂಟು ಇಂಚಿನದು ತೊಡೆಯ ಮೇಲೆ ಕೂರುತ್ತದೆ. ಹನ್ನೊಂದು ಇಂಚಿನದು ವಿಮಾನ ತಿರುಗಿಸುವ ಹಿಡಿಕೆಗೆ, ಅಂದರೆ ಯೋಕ್ ಅಥವಾ ಸ್ಟಿಕ್‌ಗೆ ತಾಗುತ್ತದೆ. ಅಂಗಡಿಯಲ್ಲಿ ದೊಡ್ಡದೇ ಚೆಂದ ಕಾಣುತ್ತದೆ, ಅಲ್ವಾ? ಸೀಟಿನಲ್ಲಿ ಕೂತು ಕಂಟ್ರೋಲ್ ಅನ್ನು ಪೂರ್ತಿ ಹಿಂದಕ್ಕೆ ಎಳೆದು, ಎಡಕ್ಕೆ ಬಲಕ್ಕೆ ಪೂರ್ತಿ ತಿರುಗಿಸಿ ನೋಡಿ. ಆಗ ಗೊತ್ತಾಗುತ್ತದೆ.

ಬಿಸಿಲಿನ ಕಾಟವೂ ಇದೆ. ಐಪ್ಯಾಡ್ ಬಳಸಲು ಆಪಲ್ ಹೇಳುವ ಹೊರಗಿನ ತಾಪಮಾನ 0ಯಿಂದ 35 ಡಿಗ್ರಿ ಸೆಲ್ಸಿಯಸ್. ಗಾಜಿನ ಕೆಳಗೆ, ನೇರ ಬಿಸಿಲಲ್ಲಿ ಆ ಮಿತಿ ದಾಟುವುದು ತಡವಲ್ಲ. ಯಾವ ಕಂಪನಿಯ ಟ್ಯಾಬ್ಲೆಟ್ ಆದರೂ ಬಿಸಿಯಾದರೆ ಮೊದಲು ಸ್ಕ್ರೀನ್ ಮಂಕಾಗುತ್ತದೆ, ಆಮೇಲೆ ಆಫ್ ಆಗಬಹುದು. ದಪ್ಪ ಕವರ್ ತೆಗೆಯಿರಿ, ಚಾರ್ಜ್ ಮಾಡುತ್ತಾ ಬಿಸಿಲಿಗೆ ಇಡಬೇಡಿ, ಗಾಳಿ ಬರುವ ತೂತಿನ ಹತ್ತಿರ ಇಡಿ. ಪೋಲರೈಸ್ಡ್ ಕನ್ನಡಕ ಹಾಕುವವರು ಟ್ಯಾಬ್ಲೆಟ್ ಅನ್ನು ಅಡ್ಡ ಉದ್ದ ಎರಡೂ ಕಡೆ ತಿರುಗಿಸಿ ನೋಡಿ. ಒಂದು ಕಡೆ ಸ್ಕ್ರೀನ್ ಪೂರ್ತಿ ಕಪ್ಪಾಗಿ ಕಾಣುವ ಸಾಧ್ಯತೆ ಇದೆ.

4. ವಿಮಾನದ ಪ್ರೊಫೈಲ್ ನೀವೇ ತುಂಬಿ

ಆಪ್‌ಗೆ ನಿಮ್ಮ ವಿಮಾನ ಗೊತ್ತಿಲ್ಲ. ಅದರಲ್ಲಿ ಮೊದಲೇ ಇರುವ "ಸೆಸ್ನಾ 172" ಯಾರದೋ ವಿಮಾನ. ನಿಮ್ಮದಕ್ಕೆ ಬಣ್ಣ ಹಳೆಯದಾಗಿರಬಹುದು, ಚಕ್ರದ ಕವಚ ಬಿಚ್ಚಿಟ್ಟಿರಬಹುದು, ಪ್ರೊಪೆಲ್ಲರ್ ಬೇರೆ ಇರಬಹುದು. ಆದ್ದರಿಂದ ಟ್ರಯಲ್ ಶುರುವಾದ ದಿನವೇ ಪ್ರೊಫೈಲ್ ಅನ್ನು ಸೊನ್ನೆಯಿಂದ ತುಂಬಿ. ಈ ಕೆಲಸ ಎಷ್ಟು ಸಲೀಸು ಅನ್ನುವುದೂ ಆಪ್‌ನ ಪರೀಕ್ಷೆಯೇ.

ಬೇಕಾದವು ಇವು: ಏರುವಾಗಿನ ವೇಗ ಮತ್ತು ನಿಮಿಷಕ್ಕೆ ಎಷ್ಟು ಅಡಿ, ಏರುವಾಗ ಗಂಟೆಗೆ ಎಷ್ಟು ಇಂಧನ, ಕ್ರೂಸ್ (ಮೇಲೇರಿದ ಮೇಲೆ ಒಂದೇ ಎತ್ತರದಲ್ಲಿ ಹಾರುವಾಗಿನ) ವೇಗ, ಕ್ರೂಸ್ ಇಂಧನ, ಇಳಿಯುವಾಗಿನದು, ಟ್ಯಾಕ್ಸಿಗೆ (ನೆಲದ ಮೇಲೆ ಓಡಾಡಲು) ಎಷ್ಟು, ಟ್ಯಾಂಕ್‌ನಲ್ಲಿ ನಿಜವಾಗಿ ಬಳಸಲು ಬರುವುದು ಎಷ್ಟು. ಈ ಕೊನೆಯದನ್ನು ಜನ ಮರೆಯುತ್ತಾರೆ. ಸೆಸ್ನಾ 172ಎಸ್‌ನ ಟ್ಯಾಂಕ್‌ಗಳಲ್ಲಿ 56 ಅಮೆರಿಕನ್ ಗ್ಯಾಲನ್ ಹಿಡಿಯುತ್ತದೆ, ಬಳಸಲು ಬರುವುದು 53. ಆ ಮೂರು ಗ್ಯಾಲನ್ ಪ್ಲಾನ್‌ನಲ್ಲಿ ಇರಬಾರದು.

ನಾನು ಮಾಡಿದ ತಪ್ಪು ಹೇಳುತ್ತೇನೆ. ಕೈಪಿಡಿಯ ಕೋಷ್ಟಕ ನೋಡಿ ಕ್ರೂಸ್ ವೇಗವನ್ನು 75 ಶೇಕಡಾ ಪವರ್‌ನ ಸಾಲಿನಿಂದ ತಗೊಂಡೆ. ಇಂಧನವನ್ನು ಕಣ್ತಪ್ಪಿ ಅದರ ಕೆಳಗಿನ, 65 ಶೇಕಡಾದ ಸಾಲಿನಿಂದ ತಗೊಂಡೆ. ಆಪ್ ಏನೂ ಅನ್ನಲಿಲ್ಲ. ಅದಕ್ಕೇನು ಗೊತ್ತು? ವೇಗವಾಗಿ ಹೋಗುವ, ಕಡಿಮೆ ಕುಡಿಯುವ ಒಂದು ಕನಸಿನ ವಿಮಾನ ತಯಾರಾಯಿತು. ಮೂರು ಹಾರಾಟದ ಮೇಲೆ ಟ್ಯಾಂಕ್ ತುಂಬಿಸಿದಾಗ ಪ್ರತಿ ಸಲವೂ ಲೆಕ್ಕಕ್ಕಿಂತ ಜಾಸ್ತಿ ಹಿಡಿಯಿತು. ಆಗ ಕೋಷ್ಟಕ ಮತ್ತೆ ತೆಗೆದೆ.

ಅಳತೆಗಳ ಗೊಂದಲ ಇನ್ನೂ ಅಪಾಯದ್ದು. ಅಮೆರಿಕನ್ ಗ್ಯಾಲನ್ 3.785 ಲೀಟರ್, ಬ್ರಿಟಿಷ್ ಗ್ಯಾಲನ್ 4.546 ಲೀಟರ್. ಸಣ್ಣ ವಿಮಾನದ ಪೆಟ್ರೋಲ್ ಆದ ಎವಿಗ್ಯಾಸ್ ಲೀಟರಿಗೆ ಸುಮಾರು 0.72 ಕಿಲೊ. ಪ್ರೊಫೈಲ್‌ನಲ್ಲಿ ಒಂದು ಕಡೆ ಲೀಟರ್, ಇನ್ನೊಂದು ಕಡೆ ಕಿಲೊ, ವಿಮಾನದ ಇಂಧನ ಮೀಟರ್‌ನಲ್ಲಿ ಗ್ಯಾಲನ್ ಅಂತಾದರೆ ಒಂದು ದಿನ ಎಡವುತ್ತೀರಿ. ದೊಡ್ಡವರೂ ಎಡವಿದ್ದಾರೆ. 1983ರ ಜುಲೈ 23ರಂದು ಏರ್ ಕೆನಡಾದ ಒಂದು ಬೋಯಿಂಗ್ 767ಗೆ ಕಿಲೊ ಬದಲು ಪೌಂಡ್ ಲೆಕ್ಕದಲ್ಲಿ ಇಂಧನ ಹಾಕಿದ್ದರು. ಬೇಕಾದ್ದರ ಅರ್ಧಕ್ಕಿಂತ ಕಡಿಮೆ. ಎರಡೂ ಎಂಜಿನ್ ಆಕಾಶದಲ್ಲೇ ನಿಂತವು. ಕ್ಯಾಪ್ಟನ್‌ಗೆ ಗ್ಲೈಡರ್ ಹಾರಿಸಿ ಅಭ್ಯಾಸ ಇದ್ದದ್ದರಿಂದ ಕೆನಡಾದ ಗಿಮ್ಲಿಯ ಹಳೆಯ ವಾಯುನೆಲೆಯಲ್ಲಿ ಇಳಿಸಿದರು. ಆಪ್ ಆರಿಸುವಾಗ ನೋಡಬೇಕಾದ್ದು ಇಷ್ಟೇ: ಪ್ರತಿ ಸಂಖ್ಯೆಯ ಪಕ್ಕದಲ್ಲಿ ಅದರ ಅಳತೆ ಕಾಣುತ್ತದೆಯೇ? ನಿಮ್ಮ ವಿಮಾನದ ಮೀಟರ್‌ನಲ್ಲಿ ಇರುವ ಅಳತೆಯನ್ನೇ ಆಪ್‌ನಲ್ಲೂ ಇಟ್ಟುಕೊಳ್ಳಬಹುದೇ?

ತೂಕ ಮತ್ತು ಬ್ಯಾಲೆನ್ಸ್‌ಗೆ ಖಾಲಿ ವಿಮಾನದ ತೂಕವನ್ನು ಕೈಪಿಡಿಯ ಉದಾಹರಣೆಯಿಂದ ತಗೊಳ್ಳಬೇಡಿ. ನಿಮ್ಮ ವಿಮಾನವನ್ನು ತಕ್ಕಡಿಯ ಮೇಲೆ ನಿಲ್ಲಿಸಿ ತೂಗಿದ ಹಾಳೆ ವಿಮಾನದ ಕಾಗದಗಳ ಜೊತೆ ಇರುತ್ತದೆ, ಅದರಿಂದ ತಗೊಳ್ಳಿ. ಹೊಸ ರೇಡಿಯೊ, ಹೊಸ ಸೀಟು ಅಂತ ವರ್ಷಗಳಲ್ಲಿ ತೂಕ ಸೇರಿಕೊಂಡಿರುತ್ತದೆ. ಆಪ್ ಏರುವಾಗ ತೂಕ ಎಷ್ಟು, ಅದರ ಕೇಂದ್ರ ಎಲ್ಲಿದೆ ಅನ್ನುವ ಬಿಂದುವನ್ನಷ್ಟೇ ಅಲ್ಲ, ಇಂಧನ ಖಾಲಿಯಾದ ಮೇಲಿನ ಬಿಂದುವನ್ನೂ ಗ್ರಾಫ್‌ನಲ್ಲಿ ತೋರಿಸಬೇಕು. ಕೆಲವು ವಿಮಾನಗಳಲ್ಲಿ ಏರುವಾಗ ಸರಿ ಇದ್ದದ್ದು ಇಳಿಯುವ ಹೊತ್ತಿಗೆ ಸುರಕ್ಷಿತ ಮಿತಿಯ ಗೆರೆಯ ಆಚೆ ಹೋಗುತ್ತದೆ.

ಟೇಕಾಫ್ ದೂರ ಲೆಕ್ಕ ಹಾಕುವ ಆಪ್ ಆದರೆ ಅದಕ್ಕೊಂದು ಸಣ್ಣ ಪರೀಕ್ಷೆ ಕೊಡಿ. 3000 ಅಡಿ ಎತ್ತರದ ರನ್‌ವೇ, ಮಾಮೂಲಿ ಒತ್ತಡ, 35 ಡಿಗ್ರಿ ಬಿಸಿಲು. ಆ ಎತ್ತರದಲ್ಲಿ ಮಾನಕ ತಾಪಮಾನ 9 ಡಿಗ್ರಿ. ಉಳಿದ 26 ಡಿಗ್ರಿಗೆ ತಲಾ 120 ಅಡಿ ಸೇರಿಸಿದರೆ ಡೆನ್ಸಿಟಿ ಆಲ್ಟಿಟ್ಯೂಡ್, ಅಂದರೆ ತೆಳುವಾದ ಗಾಳಿಯಿಂದ ವಿಮಾನಕ್ಕೆ ಅನಿಸುವ ಎತ್ತರ, ಸುಮಾರು 6100 ಅಡಿ. ಆಪ್ ಇದರ ಹತ್ತಿರ ಬರಬೇಕು.

5. ಹಳೆಯ ಪ್ರಯಾಣವನ್ನು ಮತ್ತೆ ಪ್ಲಾನ್ ಮಾಡಿ

ಈಗ ಅಸಲಿ ಪರೀಕ್ಷೆ. ಆರಿಸಿಟ್ಟ ಪ್ರಯಾಣದ ದಾರಿ ಹಾಕಿ. ಬೆರಳಿಂದ ಗೆರೆ ಎಳೆದು ಬಗ್ಗಿಸಲು ಬರುತ್ತದೆಯೇ ನೋಡಿ. ಆ ದಿನದ ಗಾಳಿಯನ್ನು ಕೈಯಾರೆ ತುಂಬಿ. ಕೈಯಾರೆ ತುಂಬಲು ಬಿಡದ, ಇವತ್ತಿನ ಗಾಳಿಯನ್ನೇ ಹಿಡಿದು ಕೂರುವ ಆಪ್ ಆದರೆ ಅದನ್ನೂ ಬರೆದಿಟ್ಟುಕೊಳ್ಳಿ.

ಒಂದು ಭಾಗವನ್ನಾದರೂ ಕೈಯಲ್ಲಿ ಲೆಕ್ಕ ಮಾಡಿ. ಕಲಿಯುವಾಗ ಬಳಸಿದ, ಇ6ಬಿ ಅನ್ನುವ ಲೆಕ್ಕದ ಚಕ್ರ ಎಲ್ಲೋ ಡ್ರಾಯರ್‌ನಲ್ಲಿ ಇರುತ್ತದೆ. ಅಮೆರಿಕದ ನೌಕಾಪಡೆಯ ಫಿಲಿಪ್ ಡಾಲ್ಟನ್ ರೂಪಿಸಿದ ಆ ಚಕ್ರಕ್ಕೆ ಬ್ಯಾಟರಿ ಬೇಡ, ಸಬ್‌ಸ್ಕ್ರಿಪ್ಷನ್ ಅಂತೂ ಬೇಡವೇ ಬೇಡ. ಉದಾಹರಣೆಗೆ ಇದನ್ನು ತಗೊಳ್ಳಿ: ದಾರಿ ನೇರ ಪೂರ್ವಕ್ಕೆ, 090. ವಿಮಾನದ ವೇಗ 105 ನಾಟ್ (ಗಂಟೆಗೆ ಅಷ್ಟು ನಾಟಿಕಲ್ ಮೈಲಿ). ಗಾಳಿ 050ರಿಂದ 20 ನಾಟ್. ಮೂಗನ್ನು ಏಳು ಡಿಗ್ರಿ ಎಡಕ್ಕೆ ತಿರುಗಿಸಬೇಕು, ಅಂದರೆ 083. ನೆಲದ ಮೇಲಿನ ವೇಗ 89 ನಾಟ್. ಆಪ್ 89 ಅಥವಾ ಅದರ ಒಂದು ಆಚೀಚೆ ತೋರಿಸಬೇಕು. 083 ಬದಲು 085 ಅಂತ ಬಂದರೆ ಗಾಬರಿ ಬೇಡ. ಅಲ್ಲಿ ಎರಡು ಡಿಗ್ರಿ ಪಶ್ಚಿಮದ ಮ್ಯಾಗ್ನೆಟಿಕ್ ವ್ಯತ್ಯಾಸ (ದಿಕ್ಸೂಚಿ ತೋರಿಸುವ ಉತ್ತರಕ್ಕೂ ನಿಜ ಉತ್ತರಕ್ಕೂ ಇರುವ ಅಂತರ) ಇರಬಹುದು. ಮೇಲಿನ ಗಾಳಿಯ ಮುನ್ಸೂಚನೆ ನಿಜ ಉತ್ತರದಿಂದ ಬರುತ್ತದೆ, ಆಪ್‌ಗಳು ಹೆಡಿಂಗ್ ಅನ್ನು ಸಾಮಾನ್ಯವಾಗಿ ಮ್ಯಾಗ್ನೆಟಿಕ್‌ನಲ್ಲಿ ತೋರಿಸುತ್ತವೆ. ನೀವು ಕೈಯಾರೆ ತುಂಬಿದ ಗಾಳಿಯನ್ನು ಅದು ಯಾವ ಉತ್ತರ ಅಂದುಕೊಂಡಿದೆ ಅನ್ನುವುದು ಸ್ಪಷ್ಟವಾಗಿರಬೇಕು.

ಇನ್ನು ಇಂಧನ. 180 ನಾಟಿಕಲ್ ಮೈಲಿ, 105 ನಾಟ್, ಗಂಟೆಗೆ 30 ಲೀಟರ್ ಅಂದುಕೊಳ್ಳಿ. ಗಾಳಿ ಇಲ್ಲದಿದ್ದರೆ 1 ಗಂಟೆ 43 ನಿಮಿಷ, ಸುಮಾರು 51 ಲೀಟರ್. ನೇರ ಎದುರುಗಾಳಿ 20 ನಾಟ್ ಇದ್ದರೆ 2 ಗಂಟೆ 7 ನಿಮಿಷ, 63 ಲೀಟರ್‌ಗೂ ಸ್ವಲ್ಪ ಜಾಸ್ತಿ. ವ್ಯತ್ಯಾಸ 12 ಲೀಟರ್. ಹಗಲಿನ ವಿಎಫ್‌ಆರ್‌ಗೆ ಸಾಮಾನ್ಯವಾಗಿ ಕೇಳುವ 30 ನಿಮಿಷದ ಮೀಸಲು ಅಂದರೆ 15 ಲೀಟರ್. ಗಾಳಿಯನ್ನು ಲೆಕ್ಕಕ್ಕೆ ಸೇರಿಸದೇ ಹೊರಟರೆ ಮೀಸಲಿನಲ್ಲಿ ಉಳಿಯುವುದು ಮೂರೇ ಲೀಟರ್, ಆರು ನಿಮಿಷ. ಆಪ್ ಮೀಸಲನ್ನು ಬೇರೆ ಸಾಲಿನಲ್ಲಿ ತೋರಿಸುತ್ತದೆಯೋ, ಒಟ್ಟಿಗೆ ಸೇರಿಸಿ ಒಂದು ಹಸಿರು ಟಿಕ್ ಕೊಟ್ಟು ಮುಗಿಸುತ್ತದೆಯೋ ನೋಡಿ. ಬೇರೆ ಸಾಲೇ ಬೇಕು. ರಾತ್ರಿಗೆ ಹಲವು ದೇಶಗಳಲ್ಲಿ 45 ನಿಮಿಷ ಬೇಕು, ಅದನ್ನು ನೀವೇ ಬದಲಿಸಲು ಬರಬೇಕು.

ಬಂದ ಉತ್ತರವನ್ನು ಲಾಗ್‌ಬುಕ್ ಪಕ್ಕ ಇಡಿ. ಎರಡು ಗಂಟೆಯ ಹಾರಾಟದಲ್ಲಿ ಐದು ನಿಮಿಷದ ವ್ಯತ್ಯಾಸ ಇದ್ದರೆ ನನಗೆ ತೃಪ್ತಿ. ಹದಿನೈದು ನಿಮಿಷ ಅಂದರೆ ಎಲ್ಲೋ ತಪ್ಪಿದೆ. ಹೆಚ್ಚಾಗಿ ಪ್ರೊಫೈಲ್‌ನಲ್ಲಿ, ಅಪರೂಪಕ್ಕೆ ಆಪ್‌ನಲ್ಲಿ.

ಕೊನೆಗೆ ಆಪ್‌ನಲ್ಲಿ ದಾರಿಯನ್ನು ಪಕ್ಕದಿಂದ ತೋರಿಸುವ ಚಿತ್ರ ತೆರೆಯಿರಿ: ದಾರಿಯ ಕೆಳಗೆ ನೆಲ ಎಷ್ಟು ಎತ್ತರ, ಮೇಲೆ ಯಾವ ವಲಯದ ತಳ. ವಿಎಫ್‌ಆರ್ ಪೈಲಟ್‌ಗೆ ಇದಕ್ಕಿಂತ ಉಪಯೋಗದ ಚಿತ್ರ ಇನ್ನೊಂದಿಲ್ಲ. ಮೂರು ಆಯಾಮದ ಬೆಟ್ಟಗಳು ತಿರುಗುವ ಸ್ಕ್ರೀನ್ ನೆಂಟರಿಗೆ ತೋರಿಸಲು ಚೆನ್ನಾಗಿದೆ.

6. ಹವಾಮಾನ ಮತ್ತು ನೋಟಾಮ್

ಮೆಟಾರ್ (ವಿಮಾನ ನಿಲ್ದಾಣದ ಈಗಿನ ಹವಾಮಾನ), ಟಾಫ್ (ಅಲ್ಲಿನ ಮುನ್ಸೂಚನೆ) ಎಲ್ಲ ಆಪ್‌ಗಳಲ್ಲೂ ಬರುತ್ತವೆ. ಬಿಡಿಸಿ ಹೇಳಿದ ರೂಪದ ಜೊತೆ ಮೂಲ ಸಾಲೂ ಕಾಣಬೇಕು, ಅದನ್ನು ಹೊರಡಿಸಿದ ಸಮಯ ಕಾಣಬೇಕು. ನೋಟಾಮ್‌ಗಳನ್ನು, ಅಂದರೆ ಪೈಲಟ್‌ಗಳಿಗೆ ಹೊರಡಿಸುವ ಸೂಚನೆಗಳನ್ನು, ನಿಮ್ಮ ದಾರಿ, ಎತ್ತರ, ಸಮಯಕ್ಕೆ ತಕ್ಕಂತೆ ಸೋಸಿ ನಕ್ಷೆಯ ಮೇಲೆ ಬಿಡಿಸುವ ಆಪ್ ತುಂಬಾ ಹೊತ್ತು ಉಳಿಸುತ್ತದೆ. ಆದರೆ ಸೋಸುವಾಗ ಏನನ್ನು ಬಿಟ್ಟಿದೆ ಅನ್ನುವುದನ್ನೂ ನೋಡಲು ಬರಬೇಕು. ರನ್‌ವೇ ಮುಚ್ಚಿದೆ ಅನ್ನುವ ಸಾಲು ನಲವತ್ತು ಕ್ರೇನ್‌ಗಳ ಸೂಚನೆಗಳ ನಡುವೆ ಕೂತಿರುತ್ತದೆ.

ಹಾರುತ್ತಾ ರೇಡಾರ್ ಚಿತ್ರ ನೋಡುವವರಿಗೆ ಒಂದು ಎಚ್ಚರಿಕೆ. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ 2012ರಲ್ಲಿ ಹೇಳಿದ್ದು ಇದು: ಹಲವು ರೇಡಾರ್‌ಗಳಿಂದ ಜೋಡಿಸಿ ಕಾಕ್‌ಪಿಟ್‌ಗೆ ಬರುವ ಮಳೆಯ ಚಿತ್ರದ ನಿಜವಾದ ವಯಸ್ಸು ಸ್ಕ್ರೀನ್ ತೋರಿಸುವುದಕ್ಕಿಂತ 15ರಿಂದ 20 ನಿಮಿಷ ಜಾಸ್ತಿ ಇರಬಹುದು. "1 ನಿಮಿಷ ಹಳೆಯದು" ಅಂದರೆ ಚಿತ್ರ ತಯಾರಾಗಿ 1 ನಿಮಿಷ ಆಗಿದೆ ಅಂತ, ಮಳೆ ಅಲ್ಲಿದ್ದು 1 ನಿಮಿಷ ಆಗಿದೆ ಅಂತ ಅಲ್ಲ. ಮಳೆಯಿಂದ ದೂರ ಇರಲು ಅದನ್ನು ಬಳಸಿ. ಎರಡು ಮಳೆಗಳ ಸಂದಿನಲ್ಲಿ ನುಸುಳಲು ಬಳಸಬೇಡಿ.

7. ಕುರ್ಚಿಯ ಪರೀಕ್ಷೆ

ಇದು ನಾನು ತುಂಬಾ ನಂಬುವ ಹಂತ. ಟ್ಯಾಬ್ಲೆಟ್ ಅನ್ನು ತೊಡೆಗೆ ಕಟ್ಟಿಕೊಂಡು ಕುರ್ಚಿಯ ಮೇಲೆ ಕೂರಿ. ಎಡಗೈಯಲ್ಲಿ ಒಂದು ನೀರಿನ ಲೋಟ ಹಿಡಿಯಿರಿ, ಅದು ನಿಮ್ಮ ಕಂಟ್ರೋಲ್. ಲೋಟ ಮುಕ್ಕಾಲು ತುಂಬಿರಲಿ. ಸ್ನೇಹಿತರೊಬ್ಬರು ಕುರ್ಚಿಯನ್ನು ಆಗಾಗ ಅಲ್ಲಾಡಿಸಲಿ. ಅವರು ಒಂದೊಂದೇ ಹೇಳುತ್ತಾರೆ:

"ಮುಂದಿನ ರನ್‌ವೇ ಮುಚ್ಚಿದೆ. ಹತ್ತಿರದ ಇನ್ನೊಂದು ಯಾವುದು?"

"ಅದರ ಟವರ್ ಫ್ರೀಕ್ವೆನ್ಸಿ?"

"ರನ್‌ವೇ ಎಷ್ಟು ಉದ್ದ? ಯಾವ ದಿಕ್ಕು?"

"ಅಲ್ಲಿಗೆ ಎಷ್ಟು ನಿಮಿಷ? ಇಳಿದಾಗ ಎಷ್ಟು ಇಂಧನ ಉಳಿಯುತ್ತದೆ?"

"ಎದುರಿಗಿರುವ ಆ ವಲಯದ ತಳ ಎಷ್ಟು ಅಡಿ?"

ಪ್ರತಿ ಉತ್ತರಕ್ಕೆ ಎಷ್ಟು ಸಲ ಒತ್ತಿದಿರಿ, ಎಷ್ಟು ಸೆಕೆಂಡ್ ತಲೆ ತಗ್ಗಿಸಿದ್ದಿರಿ ಅಂತ ಅವರು ಬರೆದುಕೊಳ್ಳಲಿ. ಮೂರು ಒತ್ತಿನೊಳಗೆ ಸಿಗಬೇಕು. ತಪ್ಪಿ ಒತ್ತಿದರೆ ವಾಪಸ್ ಬರುವುದು ಸುಲಭ ಇರಬೇಕು. ನಾನು ಈ ಪರೀಕ್ಷೆ ಮಾಡಿದಾಗ ಪಟ್ಟಿಯಲ್ಲಿ ಮುಂದಿದ್ದ ಆಪ್ ಬಿದ್ದುಹೋಯಿತು. ಬಟನ್‌ಗಳು ಅಂಚಿಗೆ ಅಂಟಿಕೊಂಡಿದ್ದವು, ಅಲ್ಲಾಡುವಾಗ ಹೆಬ್ಬೆರಳು ಟ್ಯಾಬ್ಲೆಟ್ ಹಿಡಿದುಕೊಳ್ಳುವ ಜಾಗವೂ ಅದೇ. ಎರಡು ಸಲ ದಾರಿಯೇ ಅಳಿಸಿಹೋಯಿತು. ಪ್ಯಾಂಟ್ ಕೂಡ ಒದ್ದೆಯಾಯಿತು, ಇರಲಿ.

ಕುರ್ಚಿಯಲ್ಲಿ ಪಾಸಾದದ್ದನ್ನು ವಿಮಾನಕ್ಕೆ ತಗೊಂಡು ಹೋಗಿ. ಮೊದಲ ಸಲ ಪಕ್ಕದಲ್ಲಿ ಬೋಧಕರು ಅಥವಾ ಇನ್ನೊಬ್ಬ ಪೈಲಟ್ ಇರಲಿ. ನೀವು ಸ್ಕ್ರೀನ್ ನೋಡುವಾಗ ಹೊರಗೆ ನೋಡಲು ಒಬ್ಬರು ಬೇಕು.

8. ಫ್ಲೈಟ್ ಪ್ಲಾನ್ ಕಳಿಸುವುದು

ಆಪ್‌ನಿಂದಲೇ ಪ್ಲಾನ್ ಫೈಲ್ ಮಾಡಬಹುದು (ವಾಯುಸಂಚಾರ ನಿಯಂತ್ರಣದವರಿಗೆ ಕಳಿಸಬಹುದು) ಅಂದರೆ ನಿಮ್ಮ ದೇಶದಲ್ಲಿ ಮಾಡಬಹುದೇ ಅಂತ ಕೇಳಿ. ಕಳಿಸಿದ ಮೇಲೆ ಸ್ವೀಕಾರದ ಸಂದೇಶ ವಾಪಸ್ ಬರುತ್ತದೆಯೇ ಅನ್ನುವುದು ಮುಖ್ಯ. "ಕಳಿಸಲಾಗಿದೆ" ಬೇರೆ, "ಸ್ವೀಕರಿಸಲಾಗಿದೆ" ಬೇರೆ.

ಅಂತರರಾಷ್ಟ್ರೀಯ ವಾಯುಯಾನ ಸಂಸ್ಥೆ ಐಕಾವೊದ ಫಾರ್ಮ್‌ನ ಖಾನೆಗಳನ್ನು ಆಪ್ ತಾನೇ ತುಂಬುತ್ತದೆ. ಅಲ್ಲೇ ಒಮ್ಮೆ ಕಣ್ಣಾಡಿಸಿ. 10ನೇ ಖಾನೆಯಲ್ಲಿ ನಿಮ್ಮ ವಿಮಾನದಲ್ಲಿ ಇಲ್ಲದ ಉಪಕರಣದ ಅಕ್ಷರ ಕೂತಿರಬಹುದು. ಕ್ಲಬ್ ವಿಮಾನ ಬದಲಿಸಿದಾಗ ಹೀಗಾಗುತ್ತದೆ. 19ನೇ ಖಾನೆಯಲ್ಲಿ ಎಷ್ಟು ಹೊತ್ತಿನ ಇಂಧನ ಇದೆ, ಒಳಗೆ ಎಷ್ಟು ಜನ, ವಿಮಾನದ ಬಣ್ಣ ಯಾವುದು ಅಂತ ಇರುತ್ತದೆ. ವಿಮಾನ ಕಾಣೆಯಾಗಿ ಹುಡುಕಾಟ ಶುರುವಾದರೆ ಮೊದಲು ಓದುವುದೇ ಇದನ್ನು. ಜನರ ಸಂಖ್ಯೆ ಕಳೆದ ಹಾರಾಟದ್ದೇ ಉಳಿದುಬಿಡುವ ಆಪ್‌ಗಳಿವೆ. ಪ್ರತಿ ಸಲ ಕೇಳುವ ಆಪ್ ಒಳ್ಳೆಯದು. ಇಳಿದ ಮೇಲೆ ಪ್ಲಾನ್ ಮುಚ್ಚಲು (ಇಳಿದೆವು ಅಂತ ತಿಳಿಸಲು) ನೆನಪಿಸುವ ಆಪ್ ಇನ್ನೂ ಒಳ್ಳೆಯದು.

9. ಇಂಟರ್ನೆಟ್ ಇಲ್ಲದೇ ತೆರೆದು ನೋಡಿ

ಟ್ಯಾಬ್ಲೆಟ್ ಅನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಜಿಪಿಎಸ್ ಆನ್ ಇರಲಿ. ಆಪ್ ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ. ಚಾರ್ಟ್, ರನ್‌ವೇ ಮಾಹಿತಿ, ನಿಮ್ಮ ಪ್ಲಾನ್, ಕೊನೆಗೆ ಇಳಿಸಿಕೊಂಡ ಹವಾಮಾನ ಎಲ್ಲವೂ ಇವೆಯೇ? ಲಾಗಿನ್ ಕೇಳಿದರೆ ಆ ಆಪ್‌ಗೆ ನಮಸ್ಕಾರ ಹೇಳಿ.

ಅದೇ ಆಪ್ ಫೋನ್‌ನಲ್ಲೂ ಇರಲಿ, ಅದೇ ಡೇಟಾದ ಜೊತೆ. ಒಂದೇ ಸಬ್‌ಸ್ಕ್ರಿಪ್ಷನ್‌ನಲ್ಲಿ ಎಷ್ಟು ಸಾಧನ ಅಂತ ಮೊದಲೇ ನೋಡಿ. ಫೋನ್ ಜೇಬಿನಲ್ಲಿ ನೆರಳಲ್ಲಿ ಇರುತ್ತದೆ, ಬಿಸಿಯಾಗುವುದು ಕಡಿಮೆ. ಜಿಪಿಎಸ್ ಸಿಗ್ನಲ್ ಕೆಡಿಸುವ ಪ್ರದೇಶಗಳು ಪ್ರಪಂಚದಲ್ಲಿ ಹೆಚ್ಚುತ್ತಿವೆ. ಅಂಥ ಕಡೆ ಟ್ಯಾಬ್ಲೆಟ್ ಮತ್ತು ಫೋನ್ ಎರಡೂ ಒಟ್ಟಿಗೆ ದಾರಿ ತಪ್ಪುತ್ತವೆ. ಹೆಡಿಂಗ್, ಸಮಯ, ಫ್ರೀಕ್ವೆನ್ಸಿ ಇರುವ ಒಂದು ಪುಟದ ಲಾಗ್ ಪ್ರಿಂಟ್ ಮಾಡಲು ಆಪ್‌ನಲ್ಲಿ ಬರಬೇಕು. ಆ ಪುಟ ಓದುವ ಹಾಗಿದೆಯೇ ಅಂತ ಒಮ್ಮೆ ಪ್ರಿಂಟ್ ಹಾಕಿಯೇ ನೋಡಿ. ಕೆಲವು ಆಪ್‌ಗಳು ಅದನ್ನು ಇರುವೆ ಸಾಲಿನಷ್ಟು ಚಿಕ್ಕದಾಗಿ ಕೊಡುತ್ತವೆ.

10. ದುಡ್ಡು ಕಟ್ಟುವ ಮೊದಲು

ಟ್ರಯಲ್‌ಗಳನ್ನು ಒಂದೇ ದಿನ ಶುರು ಮಾಡಬೇಡಿ. ಎರಡು ಆಪ್ ಮಾತ್ರ, ಒಂದಾದ ಮೇಲೆ ಒಂದು. ವಾತಾವರಣ ಕೆಟ್ಟು ಹದಿನೈದು ದಿನ ಹಾರಲಾಗದಿದ್ದರೆ ಟ್ರಯಲ್ ಸುಮ್ನೆ ಹಾಳಾಗುತ್ತದೆ. ನೀವು ಹಾರುವ ಕ್ಲಬ್‌ನಲ್ಲಿ ಹೆಚ್ಚಿನವರು ಯಾವುದನ್ನು ಬಳಸುತ್ತಾರೆ ಅನ್ನುವುದಕ್ಕೂ ಬೆಲೆ ಕೊಡಿ. ಸಿಕ್ಕಿಹಾಕಿಕೊಂಡಾಗ ಕೇಳಲು ಜನ ಬೇಕು, ಒಮ್ಮೆ ಸರಿಯಾಗಿ ತುಂಬಿದ ವಿಮಾನದ ಪ್ರೊಫೈಲ್ ಹಂಚಿಕೊಳ್ಳಲೂ ಬರುತ್ತದೆ. ತಗೊಂಡ ಪ್ರೊಫೈಲ್ ಅನ್ನು ವಿಮಾನದ ಕಾಗದದ ಜೊತೆ ಒಮ್ಮೆ ತಾಳೆ ನೋಡಿಯೇ ಬಳಸಿ.

ನಿಮ್ಮ ದಾರಿಗಳು, ಟ್ರ್ಯಾಕ್‌ಗಳು, ಲಾಗ್‌ಬುಕ್ ಆಚೆ ತೆಗೆಯಲು ಬರುತ್ತದೆಯೇ ಅಂತಲೂ ನೋಡಿ. ಜಿಪಿಎಕ್ಸ್ ಥರದ ಸಾಮಾನ್ಯ ಫೈಲ್ ಆದರೆ ಬೇರೆ ಆಪ್‌ಗೆ ಹೋದಾಗ ಜೊತೆಗೆ ಬರುತ್ತದೆ. ಐದು ವರ್ಷದ ಹಾರಾಟವನ್ನು ಒಂದೇ ಆಪ್‌ನೊಳಗೆ ಬಿಟ್ಟರೆ ಬೆಲೆ ಏರಿಸಿದಾಗ ಬಾಯಿ ಮುಚ್ಚಿಕೊಂಡು ಕಟ್ಟಬೇಕಾಗುತ್ತದೆ.

ಆರಿಸಿದ ಮೇಲೆ ಸೋತ ಆಪ್‌ನ ಆಟೊ ರಿನ್ಯೂವಲ್ ಅನ್ನು ಸೆಟ್ಟಿಂಗ್‌ಗೆ ಹೋಗಿ ಆಫ್ ಮಾಡಿ. ಆಪ್ ಡಿಲೀಟ್ ಮಾಡಿದ ಮಾತ್ರಕ್ಕೆ ಸಬ್‌ಸ್ಕ್ರಿಪ್ಷನ್ ನಿಲ್ಲುವುದಿಲ್ಲ. ಎಂಟು ಸಲ ಒತ್ತಿಸುತ್ತಿದ್ದ ಆ ಆಪ್‌ಗೆ ನಾನು ಎರಡನೇ ವರ್ಷದ ದುಡ್ಡನ್ನೂ ಹಾಗೇ ಕಟ್ಟಿದೆ.